ಹಳೆಯ ಗಣಕಯಂತ್ರಕ್ಕೆ ಹೊಂದುವ ಎಸ್‌ಎಸ್‌ಡಿ ಆಯ್ಕೆ: ಆನ್‌ಲೈನ್ ಅರ್ಜಿ ಸಲ್ಲಿಸುವ ನಾಗರಿಕರಿಗೆ ಮಾಹಿತಿ

ಕರ್ನಾಟಕದಲ್ಲಿ ಭೂಮಿ ಯೋಜನೆಯಡಿ ಪಹಣಿ ಪತ್ರಿಕೆಗಳ ಗಣಕೀಕರಣವು 2000ದ ದಶಕದ ಆರಂಭದಲ್ಲಿ ನಡೆದ ತರುವಾಯ, ತಾಲ್ಲೂಕು ಕಚೇರಿಯ ಕಿಯೋಸ್ಕ್‌ಗಳಲ್ಲಿ ಮಾತ್ರ ದೊರೆಯುತ್ತಿದ್ದ ದಾಖಲೆಗಳು ಕ್ರಮೇಣ ಅಂತರಜಾಲದಲ್ಲಿಯೂ ಲಭ್ಯವಾದವು. ಇಂದು ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ವಿದ್ಯಾರ್ಥಿವೇತನ, ಪಿಂಚಣಿ ಮುಂತಾದ ಅನೇಕ ಸೇವೆಗಳಿಗೆ ನಾಗರಿಕರು ನಾಡಕಚೇರಿ ಹಾಗೂ ಸೇವಾ ಸಿಂಧು ಜಾಲತಾಣಗಳ ಮೂಲಕ ಸ್ವತಃ ಅರ್ಜಿ ಸಲ್ಲಿಸಬಹುದಾಗಿದೆ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಲ್ಲಿ ಹತ್ತು ಹನ್ನೆರಡು ವರ್ಷ ಹಳೆಯದಾದ ಗಣಕಯಂತ್ರದಲ್ಲಿಯೇ ಈ ಕೆಲಸ ಮಾಡುವ ಮನೆಗಳೂ, ಅಕ್ಕಿಆಲೂರು, ಬಂಕಾಪುರ, ಹಂಸಭಾವಿಯಂತಹ ಊರುಗಳಲ್ಲಿ ಅಂತಹುದೇ ಯಂತ್ರವನ್ನಿಟ್ಟುಕೊಂಡು ಅರ್ಜಿ ತುಂಬಿಕೊಡುವ ಅಂಗಡಿಗಳೂ ಇರುತ್ತವೆ.

ಯಂತ್ರವು ನಿಧಾನವಾದಲ್ಲಿ ಆಗುವ ತೊಂದರೆ ಕೇವಲ ಬೇಸರದ್ದಲ್ಲ. ಅರ್ಜಿಯ ಪುಟ ತೆರೆಯುವಷ್ಟರಲ್ಲಿ ಮೊಬೈಲಿಗೆ ಬಂದ ಒಟಿಪಿಯ ಅವಧಿ ಮುಗಿದಿರುತ್ತದೆ. ದಾಖಲೆಯನ್ನು ಸ್ಕ್ಯಾನ್ ಮಾಡಿ ಸೇರಿಸುವ ವೇಳೆಗೆ ಜಾಲತಾಣವು ಅರ್ಜಿದಾರರನ್ನು ಹೊರಗೆ ಹಾಕಿರುತ್ತದೆ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನಾಂಕ ಇರುವಾಗ ಇದು ಒಂದು ವರ್ಷದ ನೆರವನ್ನೇ ಕಳೆಯಬಲ್ಲದು. ಇಂತಹ ಯಂತ್ರಗಳಿಗೆ ಹಾರ್ಡ್ ಡಿಸ್ಕ್ ಬದಲಾಗಿ ಎಸ್‌ಎಸ್‌ಡಿ, ಅಂದರೆ ಸಾಲಿಡ್ ಸ್ಟೇಟ್ ಡ್ರೈವ್, ಅಳವಡಿಸುವುದು ಕಡಿಮೆ ವೆಚ್ಚದ ಪರಿಹಾರವಾಗಿದೆ. ಆದರೆ ಅಂಗಡಿಯಲ್ಲಿರುವ ಎಲ್ಲ ಎಸ್‌ಎಸ್‌ಡಿಗಳೂ ಎಲ್ಲ ಯಂತ್ರಗಳಿಗೆ ಹೊಂದುವುದಿಲ್ಲ. ಯಾವುದನ್ನು ಕೊಳ್ಳಬೇಕೆಂಬುದನ್ನು ಬೆಲೆಯಾಗಲಿ ವೇಗದ ಅಂಕಿಯಾಗಲಿ ತೀರ್ಮಾನಿಸುವುದಿಲ್ಲ. ಹಳೆಯ ಯಂತ್ರದೊಳಗಿರುವ ಜೋಡಣೆಯ ಸ್ಥಳವೇ ತೀರ್ಮಾನಿಸುತ್ತದೆ. ಹುಬ್ಬಳ್ಳಿಗೋ ರಾಣೆಬೆನ್ನೂರಿಗೋ ಹೋಗಿ ಹಣ ಕೊಡುವ ಮೊದಲು ಅದನ್ನು ಮನೆಯಲ್ಲಿಯೇ ನೋಡಿಕೊಳ್ಳುವುದು ಸೂಕ್ತ.

ನಿಧಾನಕ್ಕೆ ಕಾರಣ ಡಿಸ್ಕ್ ಹೌದೇ?

ಮೊದಲಿಗೆ ನಿಧಾನಗತಿಯ ಕಾರಣವನ್ನು ಗುರುತಿಸತಕ್ಕದ್ದು. ವಿಂಡೋಸ್ 10 ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಡಿಸ್ಕ್ ಎಂಬ ಅಂಕಣವು ಬಹಳ ಹೊತ್ತು ಶೇಕಡ 100ರ ಆಸುಪಾಸಿನಲ್ಲಿಯೇ ನಿಂತಿದ್ದು, ಪ್ರೊಸೆಸರ್ ಅಂಕಣವು ಕೆಳಗಿದ್ದಲ್ಲಿ, ಯಂತ್ರವು ಡಿಸ್ಕ್‌ಗಾಗಿ ಕಾಯುತ್ತಿದೆ ಎಂದು ತಿಳಿಯಬಹುದು. ಮೆಮೊರಿ ಅಂಕಣವೂ ಶೇಕಡ 90ನ್ನು ಮೀರಿದ್ದರೆ ರ‍್ಯಾಮ್ ಕೊರತೆಯೂ ಇದೆ ಎಂದರ್ಥ. 2 ಜಿಬಿ ರ‍್ಯಾಮ್ ಇರುವ ಯಂತ್ರಕ್ಕೆ ಎಸ್‌ಎಸ್‌ಡಿ ಮಾತ್ರ ಹಾಕಿದರೆ ಅರ್ಧ ಪ್ರಯೋಜನವಷ್ಟೇ; ರ‍್ಯಾಮ್‌ನ್ನು ಕನಿಷ್ಠ 4 ಜಿಬಿಗೆ, ಸಾಧ್ಯವಾದಲ್ಲಿ 8 ಜಿಬಿಗೆ ಹೆಚ್ಚಿಸುವುದನ್ನು ಜೊತೆಗೇ ಯೋಚಿಸಬೇಕು.

ಪುಟ ತೆರೆಯುವುದು ಮಾತ್ರ ನಿಧಾನವಾಗಿದ್ದು ಉಳಿದೆಲ್ಲ ಕೆಲಸ ಚುರುಕಾಗಿದ್ದರೆ ದೋಷವು ಅಂತರಜಾಲ ಸಂಪರ್ಕದ್ದು ಅಥವಾ ಆ ಹೊತ್ತಿನಲ್ಲಿ ಸರ್ವರ್ ಮೇಲೆ ಬಿದ್ದಿರುವ ಒತ್ತಡದ್ದು. ಅದಕ್ಕೆ ಎಸ್‌ಎಸ್‌ಡಿಯಿಂದ ಪರಿಹಾರವಿಲ್ಲ.

ಹಾರ್ಡ್ ಡಿಸ್ಕ್ ಏಕೆ ಕಾಯಿಸುತ್ತದೆ?

ಹಾರ್ಡ್ ಡಿಸ್ಕ್ ಒಳಗೆ ತಿರುಗುವ ತಟ್ಟೆಯೂ, ಅದರ ಮೇಲೆ ಚಲಿಸುವ ಓದುವ ತಲೆಯೂ ಇರುತ್ತವೆ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿರುವ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಕಡತದ ತುಣುಕು ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ತಲೆಯು ಸರಿಯಾದ ಪಥಕ್ಕೆ ಸರಿಯಬೇಕು. ಎರಡೂ ಸೇರಿ ಹದಿನೈದು ಮಿಲಿಸೆಕೆಂಡಿನ ಮೇಲಾದರೆ, ಸೆಕೆಂಡಿಗೆ ಅರವತ್ತು ಎಪ್ಪತ್ತು ತುಣುಕುಗಳಿಗಿಂತ ಹೆಚ್ಚು ಓದಲಾಗುವುದಿಲ್ಲ. ಬ್ರೌಸರ್ ಒಂದು ತೆರೆಯಲು ಚದುರಿಹೋದ ಸಾವಿರಾರು ತುಣುಕುಗಳು ಬೇಕಾಗುತ್ತವೆ. ಅದೇ ಸಮಯದಲ್ಲಿ ಆಂಟಿವೈರಸ್ ಮತ್ತು ಅಪ್‌ಡೇಟ್ ತಂತ್ರಾಂಶಗಳೂ ಅದೇ ತಲೆಯನ್ನು ತಮ್ಮತ್ತ ಎಳೆಯುತ್ತಿರುತ್ತವೆ.

ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ. ದತ್ತಾಂಶವು ಚಿಪ್‌ಗಳಲ್ಲಿರುವುದರಿಂದ ಯಾವ ತುಣುಕನ್ನಾದರೂ ಸುಮಾರು ಒಂದು ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ತಲುಪಬಹುದು. ಹಳೆಯ ಯಂತ್ರಕ್ಕೆ ಲಾಭವಾಗುವುದು ಇದರಿಂದಲೇ ಹೊರತು, ಡಬ್ಬಿಯ ಮೇಲೆ ದೊಡ್ಡದಾಗಿ ಮುದ್ರಿಸಿರುವ ಸೆಕೆಂಡಿಗೆ ಇಷ್ಟು ಸಾವಿರ ಎಂಬಿ ಎಂಬ ಅಂಕಿಯಿಂದಲ್ಲ. ಆ ಅಂಕಿ ದೊಡ್ಡ ಚಲನಚಿತ್ರದ ಕಡತವನ್ನು ನಕಲಿಸುವಾಗ ಕಾಣುವಂತಹುದು. ಆದಾಯ ಪ್ರಮಾಣಪತ್ರದ ಅರ್ಜಿಗೆ ಅದರ ಅಗತ್ಯ ಬೀಳುವುದಿಲ್ಲ.

ಯಂತ್ರದಲ್ಲಿರುವ ಜೋಡಣೆ ಯಾವುದು?

ಸುಮಾರು 2006ರಿಂದ 2015ರ ನಡುವೆ ಕೊಂಡ ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪ್‌ಗಳಲ್ಲಿ ಬಹುತೇಕ ಸಾಟಾ ಎಂಬ ಜೋಡಣೆ ಇರುತ್ತದೆ. ಡೆಸ್ಕ್‌ಟಾಪ್‌ನ ಪೆಟ್ಟಿಗೆ ತೆರೆದಾಗ ಹಾರ್ಡ್ ಡಿಸ್ಕ್‌ಗೆ ಬೆರಳಿನಷ್ಟು ಅಗಲದ ತೆಳುವಾದ ಒಂದು ಕೇಬಲ್ ಮತ್ತು ಅದಕ್ಕಿಂತ ಅಗಲವಾದ ವಿದ್ಯುತ್ ಕೇಬಲ್ ಜೋಡಿಸಿದ್ದರೆ ಅದು ಸಾಟಾ. ಇಂತಹ ಯಂತ್ರಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹೊಂದುತ್ತದೆ. ಸಾಟಾದಲ್ಲಿ ಸೆಕೆಂಡಿಗೆ 1.5, 3 ಮತ್ತು 6 ಗಿಗಾಬಿಟ್ ಎಂಬ ಮೂರು ಪೀಳಿಗೆಗಳಿದ್ದು, ಹೊಸ ಪೀಳಿಗೆಯ ಡ್ರೈವ್ ಹಳೆಯ ಪೀಳಿಗೆಯ ಬೋರ್ಡ್‌ನಲ್ಲಿ ಆ ಬೋರ್ಡ್‌ನ ವೇಗಕ್ಕೆ ಇಳಿದು ಕೆಲಸ ಮಾಡುತ್ತದೆ. ಕೋರ್ 2 ಡುಯೋ ಕಾಲದ 3 ಗಿಗಾಬಿಟ್ ಬೋರ್ಡ್‌ಗೆ ಎಸ್‌ಎಸ್‌ಡಿ ಹಾಕಿ ಪ್ರಯೋಜನವಿಲ್ಲವೆಂದು ಕೆಲವೆಡೆ ಹೇಳಲಾಗುತ್ತಿದ್ದು, ಅದು ಸರಿಯಲ್ಲ. ದೊಡ್ಡ ಕಡತಗಳ ವೇಗವು ಅರ್ಧವಾಗಬಹುದು. ಚದುರಿದ ತುಣುಕುಗಳನ್ನು ತಲುಪುವ ವೇಗ ಬಹುತೇಕ ಹಾಗೆಯೇ ಉಳಿಯುತ್ತದೆ. ಅಂತಹ ಬೋರ್ಡ್‌ಗೆ ದುಬಾರಿ ಮಾದರಿ ಕೊಳ್ಳುವ ಅಗತ್ಯವಿಲ್ಲ ಎಂಬುದು ಮಾತ್ರ ನಿಜ.

ಲ್ಯಾಪ್‌ಟಾಪ್‌ಗೆ ಕೊಳ್ಳುವವರು ಡ್ರೈವ್‌ನ ದಪ್ಪವನ್ನು ಗಮನಿಸಬೇಕು. ಹಳೆಯ ಹಾರ್ಡ್ ಡಿಸ್ಕ್‌ಗಳು ಬಹುಪಾಲು 9.5 ಮಿ.ಮೀ. ಇದ್ದು, ಎಸ್‌ಎಸ್‌ಡಿಗಳು 7 ಮಿ.ಮೀ. ಇರುತ್ತವೆ. ಅದು ಒಳಗೆ ಕೂರುತ್ತದೆ, ಆದರೆ ಸಡಿಲವಾಗದಂತೆ ತೆಳುವಾದ ಪ್ಲಾಸ್ಟಿಕ್ ಚೌಕಟ್ಟು ಬೇಕಾಗಬಹುದು. ಡೆಸ್ಕ್‌ಟಾಪ್‌ಗೆ 3.5 ಇಂಚಿನ ಜಾಗದಲ್ಲಿ ಕೂರಿಸುವ ಬ್ರ್ಯಾಕೆಟ್ ಮತ್ತು ಒಂದು ಸಾಟಾ ಕೇಬಲ್ ಬೇಕು. ಇವು ಎಸ್‌ಎಸ್‌ಡಿಯ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಅದೇ ಭೇಟಿಯಲ್ಲಿ ಕೇಳಿ ಪಡೆಯುವುದು ಒಳ್ಳೆಯದು. ಹಳೆಯ ಪವರ್ ಸಪ್ಲೈನಲ್ಲಿ ಸಾಟಾ ವಿದ್ಯುತ್ ಕೇಬಲ್ ಉಳಿದಿರದಿದ್ದರೆ ನಾಲ್ಕು ಪಿನ್ನಿನ ಕೇಬಲ್‌ನಿಂದ ಸಾಟಾಗೆ ಪರಿವರ್ತಿಸುವ ತಂತಿ ದೊರೆಯುತ್ತದೆ.

ಅಗಲವಾದ ಪಟ್ಟಿಯಂತಹ ಕೇಬಲ್ ಇರುವ, 2000ದ ದಶಕದ ಮೊದಲ ಭಾಗದ ಯಂತ್ರಗಳು ಐಡಿಇ ಜೋಡಣೆಯವು. ಪರಿವರ್ತಕಗಳು ಇವೆಯಾದರೂ ಅವುಗಳ ಮೇಲೆ ಹಣ ಹಾಕುವುದು ಸೂಕ್ತವಲ್ಲ. ಅಂತಹ ಯಂತ್ರದ ಪ್ರೊಸೆಸರ್ ಇಂದಿನ ಬ್ರೌಸರ್‌ಗಳನ್ನೇ ನಡೆಸಲಾರದು. ಕಡಿಮೆ ಬೆಲೆಯ ಕೆಲವು ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ 32 ಅಥವಾ 64 ಜಿಬಿಯ ಇಎಂಎಂಸಿ ಸಂಗ್ರಹವನ್ನು ಬೋರ್ಡ್‌ಗೇ ಬೆಸುಗೆ ಹಾಕಿರಲಾಗುತ್ತದೆ. ಅದನ್ನು ತೆಗೆದು ಬದಲಾಯಿಸಲು ಆಗುವುದಿಲ್ಲ. ಪಕ್ಕದಲ್ಲಿ ಖಾಲಿ ಸ್ಲಾಟ್ ಇದ್ದಲ್ಲಿ ಮಾತ್ರ ದಾರಿಯುಂಟು.

ಎಂ.2 ಸ್ಲಾಟ್: ತಪ್ಪು ಖರೀದಿಗೆ ಅವಕಾಶವಿರುವ ಸ್ಥಳ

ಸುಮಾರು 2014ರ ನಂತರದ ಯಂತ್ರಗಳಲ್ಲಿ ಚೂಯಿಂಗ್ ಗಮ್ ಪಟ್ಟಿಯ ಆಕಾರದ ಡ್ರೈವ್ ಕೂರುವ ಎಂ.2 ಎಂಬ ಸ್ಲಾಟ್ ಕಾಣತೊಡಗಿತು. ಇಲ್ಲಿ ಆಕಾರ ಒಂದೇ ಇದ್ದರೂ ಒಳಗಿನ ಭಾಷೆ ಎರಡು. ಕೆಲವು ಎಂ.2 ಡ್ರೈವ್‌ಗಳು ಸಾಟಾ ವಿಧಾನದಲ್ಲಿಯೂ, ಕೆಲವು ಎನ್‌ವಿಎಂಇ ವಿಧಾನದಲ್ಲಿಯೂ ಕೆಲಸ ಮಾಡುತ್ತವೆ. ಸಾಟಾ ಮಾತ್ರ ಒಪ್ಪುವ ಸ್ಲಾಟ್‌ಗೆ ಎನ್‌ವಿಎಂಇ ಡ್ರೈವ್ ತಂದರೆ ಯಂತ್ರವು ಅದನ್ನು ಗುರುತಿಸುವುದೇ ಇಲ್ಲ. ಎನ್‌ವಿಎಂಇ ಮಾತ್ರ ಒಪ್ಪುವ ಸ್ಲಾಟ್‌ನಲ್ಲಿ ಸಾಟಾ ಡ್ರೈವ್‌ನ ಗತಿಯೂ ಅದೇ.

ಡ್ರೈವ್‌ನ ಚಿನ್ನದ ಬಣ್ಣದ ಅಂಚಿನಲ್ಲಿ ಒಂದೇ ಕಚ್ಚು ಇದ್ದು ಅದು ಎಂ ಕೀ ಆಗಿದ್ದರೆ ಅದು ಸಾಮಾನ್ಯವಾಗಿ ಎನ್‌ವಿಎಂಇ. ಎರಡು ಕಚ್ಚುಗಳಿದ್ದರೆ ಸಾಮಾನ್ಯವಾಗಿ ಸಾಟಾ. ಎರಡು ಕಚ್ಚುಗಳಿರುವ ಎನ್‌ವಿಎಂಇ ಡ್ರೈವ್‌ಗಳೂ ಇರುವುದರಿಂದ ಕಚ್ಚನ್ನೇ ನಂಬಿ ಕೊಳ್ಳುವಂತಿಲ್ಲ. ಯಂತ್ರದ ಮಾದರಿ ಸಂಖ್ಯೆಗೆ ತಯಾರಕರು ನೀಡಿರುವ ಕೈಪಿಡಿಯಲ್ಲಿ ಸ್ಲಾಟ್ ಯಾವುದನ್ನು ಒಪ್ಪುತ್ತದೆಂದು ಓದಿಯೇ ಖಚಿತಪಡಿಸಿಕೊಳ್ಳಬೇಕು. ಉದ್ದವೂ ಮುಖ್ಯ: 2242, 2260, 2280 ಎಂಬ ಸಂಖ್ಯೆಗಳಲ್ಲಿ ಮೊದಲ ಎರಡಂಕಿ 22 ಮಿ.ಮೀ. ಅಗಲವನ್ನೂ, ಉಳಿದ ಎರಡಂಕಿ ಉದ್ದವನ್ನೂ ಸೂಚಿಸುತ್ತವೆ. 42 ಮಿ.ಮೀ. ಜಾಗದಲ್ಲಿ 80 ಮಿ.ಮೀ. ಪಟ್ಟಿ ಕೂರುವುದಿಲ್ಲ. ವೈಫೈ ಕಾರ್ಡ್ ಕುಳಿತಿರುವ ಚಿಕ್ಕ ಸ್ಲಾಟ್ ಸಹ ಎಂ.2 ಜಾತಿಯದೇ ಆಗಿದ್ದು, ಅದು ಸಂಗ್ರಹಕ್ಕೆ ಮೀಸಲಾದುದಲ್ಲ.

2011ರಿಂದ 2013ರ ಸುಮಾರಿನ ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಎಂಸಾಟಾ ಎಂಬ ಬೇರೆಯೇ ಸ್ಲಾಟ್ ಇರುತ್ತದೆ. ಇದು ಎಂ.2 ಅಲ್ಲ, ಎರಡನ್ನೂ ಅದಲುಬದಲು ಮಾಡಲಾಗುವುದಿಲ್ಲ.

ಹಳೆಯ ಡೆಸ್ಕ್‌ಟಾಪ್‌ನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗೆ ಒಂದು ಪರಿವರ್ತಕ ಕಾರ್ಡ್ ಹಾಕಿ ಎನ್‌ವಿಎಂಇ ಡ್ರೈವ್ ಕೂರಿಸಬಹುದೆಂಬ ಸಲಹೆಯೂ ಕೇಳಿಬರುತ್ತದೆ. ಡ್ರೈವ್ ಕೂರುತ್ತದೆ, ವಿಂಡೋಸ್ ನಡೆಯುವಾಗ ಕಾಣಿಸುತ್ತಲೂ ಇರಬಹುದು. ಆದರೆ 2014ಕ್ಕಿಂತ ಹಿಂದಿನ ಬಹುತೇಕ ಬೋರ್ಡ್‌ಗಳ ಬಯಾಸ್‌ಗೆ ಎನ್‌ವಿಎಂಇ ಡ್ರೈವ್‌ನಿಂದ ಯಂತ್ರವನ್ನು ಪ್ರಾರಂಭಿಸಲು ಬರುವುದಿಲ್ಲ, ಮತ್ತು ಪ್ರಾರಂಭದ ಡಿಸ್ಕ್ ಹಳೆಯದೇ ಆಗಿ ಉಳಿದರೆ ನಿಧಾನವೂ ಹಾಗೆಯೇ ಉಳಿಯುತ್ತದೆ. ಸಂದೇಹವಿದ್ದಲ್ಲಿ, ಸಾಟಾ ಜೋಡಣೆ ಇರುವ ಯಂತ್ರಕ್ಕೆ 2.5 ಇಂಚಿನ ಸಾಟಾ ಡ್ರೈವ್ ಕೊಳ್ಳುವುದೇ ನಿರಪಾಯಕರ.

ಎಷ್ಟು ಸಾಮರ್ಥ್ಯ ಬೇಕು?

ವಿಂಡೋಸ್, ಕಚೇರಿ ತಂತ್ರಾಂಶ ಮತ್ತು ಬ್ರೌಸರ್‌ಗಳಿಗೆ 50 ಜಿಬಿಯ ಆಸುಪಾಸಿನಲ್ಲಿ ಜಾಗ ಬೇಕು. ಅರ್ಜಿಗೆ ಸೇರಿಸುವ ಪಿಡಿಎಫ್ ಮತ್ತು ಭಾವಚಿತ್ರಗಳು ಕೆಲವೇ ನೂರು ಕೆಬಿಯವು. ಆದ್ದರಿಂದ 240 ಅಥವಾ 256 ಜಿಬಿ ಸಾಮಾನ್ಯ ಮನೆಗೆ ಸಾಕಾಗುತ್ತದೆ. 120 ಜಿಬಿ ಬೇಗ ತುಂಬುತ್ತದೆ, ಮತ್ತು ಬಹುತೇಕ ತುಂಬಿದ ಎಸ್‌ಎಸ್‌ಡಿ ನಿಧಾನವಾಗುತ್ತದೆ. 256 ಜಿಬಿ ಡ್ರೈವ್ ಪರದೆಯ ಮೇಲೆ 238 ಜಿಬಿ ಎಂದು ಕಾಣುವುದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸ್ 1024ರ ಲೆಕ್ಕದಲ್ಲಿಯೂ ಎಣಿಸುವುದೇ ಇದಕ್ಕೆ ಕಾರಣ. ಡೆಸ್ಕ್‌ಟಾಪ್‌ನಲ್ಲಿ ಹಳೆಯ ಹಾರ್ಡ್ ಡಿಸ್ಕ್ ಸುಸ್ಥಿತಿಯಲ್ಲಿದ್ದರೆ ಅದನ್ನು ಎರಡನೆಯ ಡಿಸ್ಕ್ ಆಗಿ ಉಳಿಸಿಕೊಂಡು ಮದುವೆಯ ವಿಡಿಯೋ, ಭಾವಚಿತ್ರಗಳನ್ನು ಅದರಲ್ಲಿಡಬಹುದು.

ಬಾಳಿಕೆಯ ಬಗ್ಗೆ ಅನಗತ್ಯ ಭಯವಿದೆ. ಎಸ್‌ಎಸ್‌ಡಿಯಲ್ಲಿ ಬರೆಯಬಹುದಾದ ದತ್ತಾಂಶಕ್ಕೆ ಮಿತಿ ಇದ್ದು, ತಯಾರಕರು ಅದನ್ನು ಟಿಬಿ ಲೆಕ್ಕದಲ್ಲಿ ನಮೂದಿಸುತ್ತಾರೆ. ಒಂದು ಡ್ರೈವ್‌ಗೆ 80 ಟಿಬಿ ಎಂದಿದ್ದು, ದಿನಕ್ಕೆ 20 ಜಿಬಿ ಬರೆದರೂ ಆ ಮಿತಿ ತಲುಪಲು 4000 ದಿನ, ಅಂದರೆ ಹತ್ತು ವರ್ಷದ ಮೇಲೆ ಬೇಕು. ಹೆಚ್ಚು ಗಮನ ಕೊಡಬೇಕಾದುದು ವಿದ್ಯುತ್ ಬಗ್ಗೆ. ಮಳೆಗಾಲದಲ್ಲಿ, ಅದರಲ್ಲಿಯೂ ಹಾನಗಲ್ಲ ಭಾಗದ ಅರೆಮಲೆನಾಡಿನ ಊರುಗಳಲ್ಲಿ, ದತ್ತಾಂಶ ಬರೆಯುತ್ತಿರುವಾಗಲೇ ವಿದ್ಯುತ್ ಕಡಿತವಾದರೆ ಯಾವ ಡಿಸ್ಕ್‌ನಲ್ಲಿಯಾದರೂ ಕಡತ ಹಾಳಾಗಬಹುದು. ಡೆಸ್ಕ್‌ಟಾಪ್ ಬಳಸುವವರು ಯುಪಿಎಸ್‌ನ ಬ್ಯಾಟರಿ ಬದಲಾಯಿಸುವ ಖರ್ಚನ್ನು ಎಸ್‌ಎಸ್‌ಡಿಯ ಖರ್ಚಿನ ಜೊತೆಗೇ ಲೆಕ್ಕ ಹಾಕುವುದು ಉತ್ತಮ.

ಡಿಸ್ಕ್ ಬಿಚ್ಚುವ ಮುನ್ನ

ಡಿಜಿಲಾಕರ್‌ನಲ್ಲಿ ನೀಡಲಾದ ದಾಖಲೆಗಳನ್ನು ಪುನಃ ಪಡೆಯಬಹುದು. ಆದರೆ ಅಜ್ಜನ ಕಾಲದ ಖರೀದಿ ಪತ್ರದ ಸ್ಕ್ಯಾನ್ ಪ್ರತಿ ಅಥವಾ ಸಲ್ಲಿಸಿದ ಅರ್ಜಿಗಳ ಸ್ವೀಕೃತಿಗಳು ಹಳೆಯ ಡಿಸ್ಕ್‌ನಲ್ಲಿ ಮಾತ್ರ ಇದ್ದಲ್ಲಿ, ಡಿಸ್ಕ್ ಕೆಟ್ಟ ದಿನ ಅವೂ ಹೋಗುತ್ತವೆ. ಹಾರ್ಡ್ ಡಿಸ್ಕ್‌ನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಇಡೀ ಡಿಸ್ಕ್ ನಕಲಿಸಲು ಹೋಗದೆ, ಅಂತಹ ಕಡತಗಳನ್ನು ಮೊದಲು ಪೆನ್ ಡ್ರೈವ್‌ಗೆ ತೆಗೆದುಕೊಳ್ಳಬೇಕು.

ಇಡೀ ವ್ಯವಸ್ಥೆಯನ್ನು ಹಾಗೆಯೇ ಎಸ್‌ಎಸ್‌ಡಿಗೆ ನಕಲಿಸುವ ತಂತ್ರಾಂಶಗಳಿದ್ದು, ಹಳೆಯ ಡಿಸ್ಕ್‌ನಲ್ಲಿ ಬಳಕೆಯಾಗಿರುವ ಜಾಗವು ಎಸ್‌ಎಸ್‌ಡಿಯ ಸಾಮರ್ಥ್ಯಕ್ಕಿಂತ ಕಡಿಮೆ ಇರಬೇಕು. ಬಯಾಸ್‌ನಲ್ಲಿ ಸಾಟಾ ವಿಧಾನವು ಐಡಿಇ ಎಂದಿದ್ದು, ನಕಲಿಸಿದ ಮೇಲೆ ಅದನ್ನು ಏಕಾಏಕಿ ಎಎಚ್‌ಸಿಐಗೆ ಬದಲಿಸಿದರೆ ವಿಂಡೋಸ್ ಪ್ರಾರಂಭವಾಗದೆ ನೀಲಿ ಪರದೆ ಬರಬಹುದು. ಹೊಸದಾಗಿ ಅನುಸ್ಥಾಪಿಸುವವರು ಎಎಚ್‌ಸಿಐ ಅನ್ನು ಮೊದಲೇ ಆರಿಸಿಕೊಳ್ಳಬೇಕು. ಲ್ಯಾಪ್‌ಟಾಪ್‌ನಲ್ಲಿ ಬಿಟ್‌ಲಾಕರ್ ಚಾಲನೆಯಲ್ಲಿದ್ದರೆ ಅದರ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳದೆ ಮುಂದುವರಿಯಬಾರದು.

ಈ ಭಾಗದಲ್ಲಿ ವಿಶೇಷವಾಗಿ ನೆನಪಿಡಬೇಕಾದುದು ಕನ್ನಡ ಕಡತಗಳ ವಿಷಯ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಅರ್ಜಿ, ಠರಾವು, ಕರಾರು ಪತ್ರಗಳು ಯುನಿಕೋಡ್ ಅಲ್ಲ. ಹೊಸ ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಅದೇ ಕಡತ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಕಡತ ಹಾಳಾಯಿತೆಂದು ತಿಳಿದು ಅಳಿಸಿಹಾಕಬಾರದು. ಹಳೆಯ ಡಿಸ್ಕ್‌ನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಫಾಂಟ್‌ಗಳನ್ನು ನಕಲಿಸಿ ಹೊಸ ವ್ಯವಸ್ಥೆಯಲ್ಲಿ ಅಳವಡಿಸಿದಲ್ಲಿ ಅಕ್ಷರಗಳು ಮರಳಿ ಬರುತ್ತವೆ. ಯುನಿಕೋಡ್‌ಗೆ ಪರಿವರ್ತಿಸಿಟ್ಟುಕೊಂಡರೆ ಮುಂದೆ ಈ ತೊಂದರೆ ಇರುವುದಿಲ್ಲ. ಬೆರಳಚ್ಚು ಸಾಧನ ಬಳಸುವ ಕೇಂದ್ರಗಳವರು ಅದರ ಆರ್‌ಡಿ ಸರ್ವಿಸ್ ತಂತ್ರಾಂಶವನ್ನೂ, ಡಿಜಿಟಲ್ ಸಹಿಯ ಟೋಕನ್ ಬಳಸುವವರು ಅದರ ಚಾಲಕ ತಂತ್ರಾಂಶವನ್ನೂ ಪುನಃ ಅನುಸ್ಥಾಪಿಸಬೇಕಾಗುತ್ತದೆ.

ಎಸ್‌ಎಸ್‌ಡಿಯಿಂದ ಸರಿಹೋಗದ ಸಂಗತಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಮತ್ತು ಬೆಂಬಲಿತ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕಾಗಿದ್ದು, ಇಂಟೆಲ್‌ನಲ್ಲಿ ಅದು ಬಹುತೇಕ 8ನೇ ಪೀಳಿಗೆಯಿಂದ ಪ್ರಾರಂಭವಾಗುತ್ತದೆ. 2ನೇ ಅಥವಾ 4ನೇ ಪೀಳಿಗೆಯ ಐ3 ಯಂತ್ರಕ್ಕೆ ಎಷ್ಟೇ ವೇಗದ ಎಸ್‌ಎಸ್‌ಡಿ ಹಾಕಿದರೂ ಅದು ವಿಂಡೋಸ್ 11ಕ್ಕೆ ಅರ್ಹವಾಗುವುದಿಲ್ಲ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ನಮೂದಿಸುವ ಯಂತ್ರದಲ್ಲಿ ಭದ್ರತಾ ಪರಿಷ್ಕರಣೆ ನಿಂತಿರುವುದು ಲಘುವಾದ ಸಂಗತಿಯಲ್ಲ. ಅಂತಹ ಯಂತ್ರದಲ್ಲಿ ಉಚಿತವಾಗಿ ದೊರೆಯುವ ಉಬುಂಟು, ಲಿನಕ್ಸ್ ಮಿಂಟ್‌ನಂತಹ ವ್ಯವಸ್ಥೆಯನ್ನು ಎಸ್‌ಎಸ್‌ಡಿಯ ಮೇಲೆ ಹಾಕಿಕೊಂಡರೆ ಬ್ರೌಸರ್ ಮೂಲಕ ಅರ್ಜಿ ಸಲ್ಲಿಸುವ ಕೆಲಸಕ್ಕೆ ಸಾಕಾಗುತ್ತದೆ. ಮುದ್ರಕ, ಸ್ಕ್ಯಾನರ್, ಬೆರಳಚ್ಚು ಸಾಧನಗಳಿಗೆ ಲಿನಕ್ಸ್ ಚಾಲಕ ಇದೆಯೇ ಎಂದು ಮೊದಲು ವಿಚಾರಿಸಿಕೊಳ್ಳಬೇಕು.

ಖರೀದಿ, ರಸೀದಿ ಮತ್ತು ಪರೀಕ್ಷೆ

ಅಂಗಡಿಗೆ ಹೋಗುವಾಗ ಯಂತ್ರದ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಹೋಗತಕ್ಕದ್ದು. ಲ್ಯಾಪ್‌ಟಾಪ್‌ನಲ್ಲಿ ಅದು ಸಾಮಾನ್ಯವಾಗಿ ತಳಭಾಗದ ಚೀಟಿಯಲ್ಲಿರುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಮದರ್‌ಬೋರ್ಡ್ ಮೇಲೆಯೇ ಮುದ್ರಿತವಾಗಿರುತ್ತದೆ. ಹಳೆಯ ಡಿಸ್ಕ್ ಮತ್ತು ಅದರ ಜೋಡಣೆಯ ಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದುಕೊಂಡು ಹೋದರೆ ಮಾತಿನ ಗೊಂದಲ ಉಳಿಯುವುದಿಲ್ಲ.

ಹೆಸರಿಲ್ಲದ ಕಂಪನಿಯ 1 ಟಿಬಿ ಡ್ರೈವ್ ನಂಬಲಾಗದಷ್ಟು ಅಗ್ಗವಾಗಿದ್ದರೆ, ಅದರೊಳಗೆ ಕಡಿಮೆ ಸಾಮರ್ಥ್ಯದ ಚಿಪ್ ಇದ್ದು ಯಂತ್ರಕ್ಕೆ ಸುಳ್ಳು ಅಂಕಿ ತೋರಿಸುತ್ತಿರುವ ಸಾಧ್ಯತೆ ಇದೆ. ಅಂತಹ ಡ್ರೈವ್ ಮೊದಲ ಕೆಲವು ವಾರ ಸರಿಯಾಗಿಯೇ ನಡೆದು, ನಿಜವಾದ ಸಾಮರ್ಥ್ಯ ತುಂಬಿದ ಮೇಲೆ ಕಡತಗಳನ್ನು ಕಳೆಯತೊಡಗುತ್ತದೆ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶವು ಇಡೀ ಡ್ರೈವ್‌ಗೆ ಬರೆದು ಮರಳಿ ಓದಿ ಪರಿಶೀಲಿಸುತ್ತದೆ. ಹೊಸ ಡ್ರೈವ್ ಖಾಲಿ ಇರುವಾಗಲೇ, ಹಿಂತಿರುಗಿಸುವ ಅವಧಿಯೊಳಗೆ, ಈ ಪರೀಕ್ಷೆ ಮಾಡಿಕೊಳ್ಳಬೇಕು.

ಡ್ರೈವ್‌ನ ಕ್ರಮಸಂಖ್ಯೆ ನಮೂದಿಸಿದ ರಸೀದಿಯನ್ನು ತಪ್ಪದೆ ಪಡೆಯಬೇಕು. ವಾರಂಟಿಗೆ ಅದೇ ಆಧಾರ. ಮಾರಾಟಗಾರರು ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿ ಹಾವೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ, ವ್ಯಾಜ್ಯಕ್ಕೆ ಕಾರಣ ಉಂಟಾದ ಎರಡು ವರ್ಷದೊಳಗೆ ದೂರು ಸಲ್ಲಿಸಲು ಅವಕಾಶವಿದೆ. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದಲ್ಲಿ ದೂರಿಗೆ ಶುಲ್ಕವಿರುವುದಿಲ್ಲ.

ತೆಗೆದ ಹಳೆಯ ಡಿಸ್ಕ್

ಹೊಸ ಡ್ರೈವ್ ಕೆಲಸ ಮಾಡತೊಡಗಿದ ಮೇಲೆ ಕನಿಷ್ಠ ಒಂದು ತಿಂಗಳು ಹಳೆಯ ಡಿಸ್ಕ್‌ನ್ನು ಹಾಗೆಯೇ ತೆಗೆದಿಡುವುದು ಕ್ಷೇಮ. ಬಿಟ್ಟುಹೋದ ಕಡತ ನೆನಪಾಗುವುದು ಸಾಮಾನ್ಯವಾಗಿ ಆ ಅವಧಿಯಲ್ಲಿಯೇ. ಬಳಿಕ ಅದನ್ನು ಗುಜರಿಗೆ ಹಾಕುವವರು, ಅದರಲ್ಲಿಯೂ ಅರ್ಜಿ ತುಂಬಿಕೊಡುವ ಅಂಗಡಿಗಳವರು, ಅದರಲ್ಲಿ ನೂರಾರು ಜನರ ಆಧಾರ್ ಪ್ರತಿ, ಪಾಸ್‌ಬುಕ್ ಪ್ರತಿ, ಭಾವಚಿತ್ರಗಳು ಇವೆ ಎಂಬುದನ್ನು ಮರೆಯಬಾರದು. ಅಳಿಸಿದ ಮಾತ್ರಕ್ಕೆ ಅಥವಾ ಕ್ವಿಕ್ ಫಾರ್ಮ್ಯಾಟ್ ಮಾಡಿದ ಮಾತ್ರಕ್ಕೆ ಅವು ಹೋಗುವುದಿಲ್ಲ. ಸಾಮಾನ್ಯ ತಂತ್ರಾಂಶದಿಂದಲೇ ಮರಳಿ ತೆಗೆಯಬಹುದು. ಹಾರ್ಡ್ ಡಿಸ್ಕ್‌ನ ಪೂರ್ತಿ ಜಾಗದ ಮೇಲೆ ಒಮ್ಮೆ ಸೊನ್ನೆಗಳನ್ನು ಬರೆಯಿಸಬೇಕು; ಡಿಸ್ಕ್ ಕೆಟ್ಟು ಬರೆಯಲಾಗದಿದ್ದಲ್ಲಿ ತೆರೆದು ತಟ್ಟೆಯನ್ನು ಹಾಳುಮಾಡಬೇಕು. ತದನಂತರ ಅದನ್ನು ಮನೆಯ ಕಸದೊಂದಿಗೆ ಸೇರಿಸದೆ, ಇ-ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರಂತೆ ನೋಂದಾಯಿತ ಮರುಬಳಕೆದಾರರಿಗೆ ತಲುಪುವ ಸಂಗ್ರಹಣಾ ವ್ಯವಸ್ಥೆಗೆ ಒಪ್ಪಿಸತಕ್ಕದ್ದು.